ಐದೂವರೆ ಗಂಟೆ

ನವೆಂಬರ್ 3, ಸೋಮವಾರ. ಸಂಜೆ 7.15

ಇದೊಂದನ್ನು ಬರೆಯದೆ ಬಿಟ್ಟುಬಿಡುತ್ತಿದ್ದೆ. ಪೆನ್ನು ತೆಗೆದದ್ದು ಬೇರೆ ಏನೋ ಬರೆಯಲು — ಆಫೀಸಿನ ರಾಜ್ಯೋತ್ಸವ, ಮೆಟ್ರೋದ ನೂಕಾಟ, ಇಂಥದ್ದು. ಆದರೆ ಆಗಸ್ಟಿನಿಂದ ಇದು ಒಳಗೇ ಉಳಿದಿದೆ.

ಇಂಟರ್‌ವ್ಯೂ ಮುಗಿಸಿ ಎದ್ದ ಪೈಲಟ್ ಪ್ರಸನ್ನ ಬಾಗಿಲ ಬಳಿ ತಿರುಗಿ ನಿಂತು, ಮೆಲ್ಲಗೆ ಕನ್ನಡದಲ್ಲಿ ಕೇಳಿದ: "ಶೈಲಜಾ ಮಿಸ್ ಚೆನ್ನಾಗಿದಾರಾ ಮೇಡಂ?"

ನಾನು ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಅಂದೆ. ಮುಂದಿನದನ್ನು ಮೇಲ್‌ನಲ್ಲಿ ತಿಳಿಸುತ್ತೇವೆ ಅಂದೆ. ಪಕ್ಕದಲ್ಲಿ ನನ್ನ ಬಾಸ್ ರಾಘವ ಕೂತಿದ್ದರು.

ಶೈಲಜಾ ಮಿಸ್ ನನ್ನ ದೊಡ್ಡಮ್ಮ, ನಾನಿರುವುದು ಅವರ ಜೊತೆಯೇ. ಓಕಳಿಪುರಂ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಹೇಳಿಕೊಟ್ಟವರು. ಅವನು ಅವರ ವಿದ್ಯಾರ್ಥಿ ಎಂದು ಆ ಕ್ಷಣದವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಿಗಿಯಾದೆ. ಹದಿನಾಲ್ಕು ವರ್ಷದಿಂದ ಪೈಲಟ್‌ಗಳನ್ನು ಆರಿಸುವ ಕೆಲಸ, ಈ ವಿಮಾನ ಕಂಪನಿಯಲ್ಲಿ ಐದು ವರ್ಷದಿಂದ. ನಮ್ಮವರು ತಮ್ಮವರು ಎಂದು ನೋಡಿದೆ ಅಂತ ಯಾರೂ ಬೆರಳು ತೋರಿಸಿಲ್ಲ. ಅದು ನನ್ನ ಹೆಮ್ಮೆ. ಮರುದಿನ ಬೆಳಿಗ್ಗೆಯೇ ಅವನ ಲಾಗ್‌ಬುಕ್ ತೆಗೆದು ಕೂತೆ — ಪೈಲಟ್ ತನ್ನ ಪ್ರತಿ ಹಾರಾಟವನ್ನೂ ಹೊತ್ತು ಸಮೇತ ಬರೆದಿಡುವ ಪುಸ್ತಕ. ತರಬೇತಿ ದಿನಗಳ ಇಪ್ಪತ್ಮೂರು ಹಾರಾಟ ಕತ್ತಲಾದ ಮೇಲೆ ನಡೆದಂತಿದ್ದವು. ಹೊರಟದ್ದೂ ಇಳಿದದ್ದೂ ಒಂದು ಸಣ್ಣ ಏರ್‌ಸ್ಟ್ರಿಪ್‌ನಲ್ಲಿ. ಅಲ್ಲಿ ರನ್‌ವೇಗೆ ದೀಪವೇ ಇಲ್ಲ. ಸಾಧ್ಯವಿಲ್ಲದ ಮಾತು. 'ಲಾಗ್‌ಬುಕ್‌ನಲ್ಲಿ ವ್ಯತ್ಯಾಸ' ಎಂದು ಬರೆದು ಸಹಿ ಹಾಕಿದೆ. ಪೈಲಟ್ ಲೈಸೆನ್ಸ್ ನೋಡಿಕೊಳ್ಳುವ ದೆಹಲಿ ಕಚೇರಿಗೂ ನಿಯಮದಂತೆ ಒಂದು ಪ್ರತಿ ಹೋಯಿತು.

ನಾಲ್ಕು ಕ್ಯಾಪ್ಟನ್ ಹುದ್ದೆ. ನಾಲ್ಕಕ್ಕೂ ವಿದೇಶಿಯರೇ ಬಂದರು. ನಾಲ್ಕನೆಯದು ಪ್ರಸನ್ನನಿಗೆ ಹೋಗಬೇಕಿದ್ದದ್ದು.

ಈಗ ರಾಘವ ಎರಡು ಪುಟದ ಟಿಪ್ಪಣಿ ಕೇಳಿದ್ದಾರೆ. 25ಕ್ಕೆ ಬೋರ್ಡ್ ಮೀಟಿಂಗ್. ವಿಷಯ: ನೇಮಕದಲ್ಲಿ ಸ್ಥಳೀಯ ಪೈಲಟ್‌ಗಳಿಗೆ ಆದ್ಯತೆ ಬೇಕೆ, ಬೇಡವೆ. ಅದಕ್ಕೆಂದೇ ಇವತ್ತು ಹಳೆಯ ಫೈಲುಗಳನ್ನೆಲ್ಲ ತೆರೆದೆ. ಮೊದಲು ಕಂಡದ್ದು ಅವನ ಲಾಗ್‌ಬುಕ್ಕಿನ ಸ್ಕ್ಯಾನ್. ಚೊಕ್ಕ ಅಕ್ಷರ. ಲೆಕ್ಕದ ಮಿಸ್ ಹತ್ತಿರ ಕಲಿತವನ ಅಂಕಿಗಳು.

ರಾಜ್ಯೋತ್ಸವ ಚೆನ್ನಾಗಿಯೇ ಆಯಿತು. ಬ್ರೆಜಿಲಿನ ಕ್ಯಾಪ್ಟನ್ — ಆ ನಾಲ್ಕನೆಯವರು — ಅರಿಶಿನ ಕೆಂಪು ಶಾಲು ಹೊದ್ದು ಮೈಕ್ ಹಿಡಿದು, "ನಮಸ್ಕಾರ. ಟ್ರಾಫಿಕ್ ಜಾಸ್ತಿ. ಕಾಫಿ ಸೂಪರ್" ಅಂದರು. ಹಾಲ್ ಬಿದ್ದುಹೋಗುವಷ್ಟು ಚಪ್ಪಾಳೆ. ಪ್ಯಾಂಟ್ರಿಯ ಮುನಿಯಕ್ಕ ನನ್ನ ಕಿವಿಯಲ್ಲಿ, "ನಮ್ ರಾಘವ ಸಾರ್‌ಗಿಂತ ಇವ್ರ ಕನ್ನಡಾನೇ ವಾಸಿ ಮೇಡಂ" ಅಂದಳು. ನಕ್ಕೆ.

ಒಳ್ಳೆಯ ಮನುಷ್ಯ. ಒಳ್ಳೆಯ ಪೈಲಟ್ ಕೂಡ. ಅದೂ ನಿಜ.


ನವೆಂಬರ್ 5, ಬುಧವಾರ. ಮಧ್ಯಾಹ್ನ 1.00

ಬುಧವಾರ ಮನೆಯಿಂದಲೇ ಕೆಲಸ. ಬೆಳಿಗ್ಗೆ 7.10ಕ್ಕೆ ಬೆಲ್ ಆಯಿತು. ಎರಡು ಸಲ, ಅವಸರದಲ್ಲಿ ಒತ್ತಿದಂತೆ. ಬಾಗಿಲು ತೆರೆದರೆ ಯಾರೂ ಇಲ್ಲ. ಗೇಟಿನ ಚಿಲಕ ಹಾಕಿದ ಹಾಗೇ ಇತ್ತು. ದೊಡ್ಡಮ್ಮ ಹೂ ಕಟ್ಟುತ್ತಿದ್ದರು. "ಯಾವ ಬೆಲ್ಲೇ? ನನ್ನ ಕಿವಿ ಇನ್ನೂ ನೆಟ್ಟಗಿದೆ" ಅಂದರು.

12.40ಕ್ಕೆ ಕೊರಿಯರ್‌ನವನು ಬಂದ. ಎರಡು ಸಲ, ಅವಸರದಲ್ಲಿ ಒತ್ತಿದ.

ಟಿಪ್ಪಣಿಯ ಮೊದಲ ಕರಡು ಶುರು. ಪ್ರಯಾಣಿಕ ಪಾಸ್‌ಪೋರ್ಟ್ ಕೇಳಿ ವಿಮಾನ ಹತ್ತುವುದಿಲ್ಲ — ಸರಿ. ಅನುಭವ ಇರುವ ಕ್ಯಾಪ್ಟನ್ ಹೊರಗಿನಿಂದ ಬಂದರೆ ಮುಂದಿನ ತಿಂಗಳೇ ವಿಮಾನ ಹಾರುತ್ತದೆ — ಸರಿ. ಆದರೆ ಎರಡು ವರ್ಷಕ್ಕೆ ಕಾಂಟ್ರಾಕ್ಟ್ ಮುಗಿಸಿ ಅವರು ಹೊರಡುತ್ತಾರೆ. ಬಲಗಡೆ ಸೀಟಿನಲ್ಲಿ ಸಹ-ಪೈಲಟ್ ಆಗಿ ಕೂತ ನಮ್ಮ ಹುಡುಗರ ಕೂದಲು ಅಲ್ಲೇ ನರೆಯುತ್ತದೆ — ಅದೂ ಸರಿ.

ಎಲ್ಲವೂ ಸರಿ ಅನ್ನಿಸಿದರೆ ನಾನು ಏನನ್ನೋ ನೋಡುತ್ತಿಲ್ಲ ಎಂದರ್ಥ.


ನವೆಂಬರ್ 8, ಶನಿವಾರ. ಮಧ್ಯಾಹ್ನ 12.40

ಆದದ್ದು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ 6.45. ಹಾಸಿಗೆಯಲ್ಲೇ ಇದ್ದೆ. ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಬಿತ್ತು. ನೆಲದ ಮೇಲೆ ಗಿರಗಿರ ತಿರುಗಿ, ತಿರುಗಿ, ಗೋಡೆಗೆ ತಾಗಿ ನಿಂತಿತು. ದೊಡ್ಡಮ್ಮನ ದನಿ: "ಹಾಳಾದ್ದು! ಇದಕ್ಕೂ ನಾನೇ ಸಿಕ್ಕಿದ್ದಾ?" ಓಡಿದೆ. ಅಡುಗೆಮನೆ ಖಾಲಿ. ದೀಪ ಹಾಕಿರಲಿಲ್ಲ. ದೊಡ್ಡಮ್ಮ ತಮ್ಮ ರೂಮಿನಲ್ಲಿ ಗಾಢ ನಿದ್ದೆಯಲ್ಲಿದ್ದರು.

ಕನಸು ಅಂದುಕೊಂಡೆ.

ಈಗ, 12.15ಕ್ಕೆ, ಹಾಲಿನಲ್ಲಿ ಪೇಪರ್ ಓದುತ್ತಿದ್ದೆ. ಮುಚ್ಚಳ ಬಿತ್ತು. ಗಿರಗಿರ. ಗೋಡೆ. "ಹಾಳಾದ್ದು! ಇದಕ್ಕೂ ನಾನೇ ಸಿಕ್ಕಿದ್ದಾ?"

ಅದೇ ಮಾತು. ಅದೇ ಏರಿಳಿತ.

6.45ರಿಂದ 12.15. ಮೊನ್ನೆಯ ಬೆಲ್, 7.10ರಿಂದ 12.40. ಬೇರೆ ಯಾರಿಗಾದರೂ ಲೆಕ್ಕ ಹಾಕಲು ಹೊತ್ತು ಬೇಕಾಗುತ್ತಿತ್ತೇನೋ. ನನಗೆ ಬೇಡ. ದಿನಕ್ಕೆ ನೂರು ಸಲ ಮಾಡುವ ಲೆಕ್ಕ ಇದು. ಪ್ರಪಂಚದ ವಿಮಾನಗಳೆಲ್ಲ ಒಂದೇ ಗಡಿಯಾರಕ್ಕೆ ಹಾರುತ್ತವೆ, ಯುಟಿಸಿ. ನಮ್ಮ ಗೋಡೆ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಇಲ್ಲಿ ಮಧ್ಯಾಹ್ನ 12.15 ಆದಾಗ ಲಾಗ್‌ಬುಕ್ಕಿನಲ್ಲಿ 6.45 ಎಂದು ಬರೆಯುತ್ತಾರೆ.

ಈ ಮನೆಯಲ್ಲಿ ಮಧ್ಯಾಹ್ನ ಆಗಲಿರುವ ಸದ್ದು ನನಗೆ ಬೆಳಿಗ್ಗೆಯೇ ಕೇಳುತ್ತಿದೆ. ಲಾಗ್‌ಬುಕ್ಕಿನ ಹೊತ್ತಿಗೆ ಸರಿಯಾಗಿ.

ನನಗೆ ಮಾತ್ರ.


ನವೆಂಬರ್ 11, ಮಂಗಳವಾರ. ಸಂಜೆ 6.50

ಇನ್ನೂ ಆಫೀಸಿನಲ್ಲೇ ಇದ್ದೇನೆ. ಎಲ್ಲರೂ ಹೋದರು.

ಮಧ್ಯಾಹ್ನ ಕಾಫಿ ಮಶೀನ್ ಹತ್ತಿರ ಬ್ರೆಜಿಲಿನ ಕ್ಯಾಪ್ಟನ್ ಸಿಕ್ಕರು. ಮಾತಿಗೆ ಮಾತು ಬಂತು. ಹನ್ನೆರಡು ವರ್ಷದ ಹಿಂದೆ ಮೊದಲ ಸಲ ಇಂಡಿಯಾಕ್ಕೆ ಬಂದದ್ದು ಒಂದು ಫ್ಲೈಯಿಂಗ್ ಸ್ಕೂಲಿಗೆ ತರಬೇತಿ ವಿಮಾನ ತಲುಪಿಸಲಂತೆ. ಸ್ಕೂಲಿನ ಹೆಸರು ಹೇಳಿದರು. ಪ್ರಸನ್ನ ಕಲಿತ ಸ್ಕೂಲು. ಈಗ ಮುಚ್ಚಿಹೋಗಿದೆ.

ನಗುತ್ತಾ ಹೇಳಿದರು: ಪ್ರಪಂಚದಲ್ಲಿ ಎಲ್ಲೂ ನೋಡಿಲ್ಲ, ಅಲ್ಲಿನ ರಿಜಿಸ್ಟರ್ ಗೋಡೆ ಗಡಿಯಾರದ ಟೈಮಿನಲ್ಲಿ ಇತ್ತು. ಮುಖ್ಯಸ್ಥರು ಹಳೇ ಕಾಲದವರು, ಇಂಡಿಯಾದ ನೆಲದಲ್ಲಿ ಇಂಡಿಯಾದ ಟೈಮು ಅಂತ ಹಟವಂತೆ. ಹುಡುಗರೂ ಅದನ್ನೇ ನೋಡಿ ತಮ್ಮ ಲಾಗ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ನನ್ನ ಪೇಪರು ಸರಿಮಾಡಿಸಿಕೊಳ್ಳೋಕೆ ಒಂದು ವಾರ ಹಿಡಿಯಿತು ನೋಡಿ ಅಂದರು.

ಕಪ್ಪು ಕೆಳಗಿಟ್ಟು ಸೀಟಿಗೆ ಬಂದೆ.

ಪ್ರಸನ್ನನ ಸ್ಕ್ಯಾನ್ ತೆರೆದೆ. ಮೊದಲ ಹಾರಾಟ — 14.15. ಆಗಸ್ಟಿನಲ್ಲಿ ನಾನು ಅದನ್ನು ಯುಟಿಸಿ ಎಂದು ಓದಿದೆ. ಲಾಗ್‌ಬುಕ್ ಕಂಡರೆ ತಲೆ ತಾನಾಗಿ ಐದೂವರೆ ಕೂಡಿಸಿಬಿಡುತ್ತದೆ. ರಾತ್ರಿ ಏಳೂಮುಕ್ಕಾಲು ಆಯಿತು. ಕೂಡಿಸದೆ ಓದಿದರೆ? ಮಧ್ಯಾಹ್ನ ಎರಡೂಕಾಲು. ಬಿಸಿಲು.

ಇಪ್ಪತ್ಮೂರೂ ಬಿಸಿಲಿನವು.

ಇಷ್ಟೇ ಆಗಿದ್ದರೆ ತಪ್ಪು ಮಾಡಿದೆ ಅನ್ನಬಹುದಿತ್ತು. ಅದೇ ಸ್ಕೂಲಿನಿಂದ ಬಂದ ಇನ್ನಿಬ್ಬರ ಫೈಲು ನಮ್ಮಲ್ಲೇ ಇದೆ. ಆರು ವರ್ಷದಿಂದ ನಮ್ಮ ವಿಮಾನ ಓಡಿಸುತ್ತಿದ್ದಾರೆ. ಅವರ ಲಾಗ್‌ಬುಕ್ಕಿನಲ್ಲೂ ಗೋಡೆ ಗಡಿಯಾರದ ಟೈಮೇ. ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದವರು ಅವರನ್ನು ಕರೆದು ಕೇಳಿ, ಅಂಚಿನಲ್ಲಿ 'ಇದು ಸ್ಥಳೀಯ ಟೈಮು' ಎಂದು ಒಂದು ಸಾಲು ಬರೆದಿಟ್ಟಿದ್ದಾರೆ.

ಕೇಳಿದ್ದಾರೆ.

ನಾನೂ ಕೇಳುತ್ತೇನೆ. ಅದೇ ನಮ್ಮಲ್ಲಿನ ಪದ್ಧತಿ — ಅನುಮಾನ ಬಂದರೆ ಬರೆಯುವ ಮುಂಚೆ ಒಂದು ಮಾತು ಕೇಳು. ಈ ಸಲ ಎಂಟು ವಿದೇಶಿ ಅರ್ಜಿಗಳಲ್ಲಿ ಐದಕ್ಕೆ ಅನುಮಾನ ಬಂದಿತ್ತು. ಐವರಿಗೂ ಮೇಲ್ ಹಾಕಿ ವಿವರಣೆ ತರಿಸಿಕೊಂಡೆ. ಒಬ್ಬರಿಗೆ ಎರಡು ಸಲ ನೆನಪಿಸಿದೆ.

ಪ್ರಸನ್ನನನ್ನು ಕೇಳಲಿಲ್ಲ. ಕೇಳಿದರೆ ಅವಕಾಶ ಕೊಟ್ಟಂತಾಗುತ್ತದೆ ಅನ್ನಿಸಿತು. ನಮ್ಮೂರಿನವನು. ದೊಡ್ಡಮ್ಮನ ಶಿಷ್ಯ. ಮಲ್ಲೇಶ್ವರಂನ ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರದವನು.

ಅಷ್ಟು ಹತ್ತಿರ ಇದ್ದದ್ದೇ ಅವನ ತಪ್ಪಾಯಿತು.


ನವೆಂಬರ್ 13, ಗುರುವಾರ. ಸಂಜೆ 7.30

ರಾಘವರಿಗೆ ಹೇಳಿದೆ. ಬಾಗಿಲು ಹಾಕಿ ಅಂದರು. ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಅದೇ ಕಷ್ಟ, ಕೂಗಾಡಿದ್ದರೆ ಸುಲಭವಾಗಿರುತ್ತಿತ್ತು.

"ನೋಡಿ ಆರಾಧನಾ, ನೀವು ವ್ಯತ್ಯಾಸ ಅಂತ ಬರ್ದಿದೀರಿ. ಸುಳ್ಳು ಅಂತ ಬರ್ದಿಲ್ವಲ್ಲ."

"ನಮ್ಮಲ್ಲಿ ಎರಡಕ್ಕೂ ಒಂದೇ ಅರ್ಥ ಸರ್. ಆಮೇಲೆ ಎರಡು ಕಂಪನಿಯವರು ನಮ್ಮ ರಿಪೋರ್ಟ್ ನೋಡೇ ಅವನ್ನ ವಾಪಸ್ ಕಳಿಸಿದ್ದಾರೆ."

"ಇಪ್ಪತ್ತೆಂಟಕ್ಕೆ ದೆಹಲೀಲಿ ವಿಚಾರಣೆ ಇದೆಯಂತೆ ಅವನದು. ಅಲ್ಲಿ ಹೇಳ್ಕೊಳ್ಳಲಿ."

"ಸ್ಕೂಲೇ ಇಲ್ಲ. ರಿಜಿಸ್ಟರ್ ಇಲ್ಲ. ಏನು ತೋರಿಸ್ತಾನೆ? ಸಾಕ್ಷಿ ಇರೋದು ನಮ್ಮ ಫೈಲಲ್ಲಿ."

ರಾಘವ ಕನ್ನಡಕ ತೆಗೆದು ಒರೆಸಿದರು. "ಇಪ್ಪತ್ತೈದಕ್ಕೆ ಬೋರ್ಡು. ಅಲ್ಲಿ ಅರ್ಧ ಜನ ಲೋಕಲ್ ಫಸ್ಟ್ ಅಂತ ಕೂತಿದಾರೆ. ಈಗ ಹೋಗಿ, ಬೆಂಗಳೂರು ಹುಡುಗನ್ನ ತಪ್ಪಾಗಿ ಹೊರಗೆ ಹಾಕಿ ಫಾರಿನ್‌ನವರನ್ನ ತಗೊಂಡ್ವಿ ಅಂತ ನಾವೇ ಹೇಳೋದಾ? ಪೇಪರ್‌ಗೆ ಹೋದ್ರೆ? ಆ ಬ್ರೆಜಿಲ್ ಮನುಷ್ಯನ ಗತಿ ಏನು? ಅವನೇನು ಮಾಡಿದ್ದ ಪಾಪ?"

ಆತ ಏನೂ ಮಾಡಿಲ್ಲ.

"ಸಹಿ ನಿಮ್ಮದು ಆರಾಧನಾ" ಅಂದರು ಕೊನೆಗೆ. ಬೆದರಿಕೆಯ ದನಿಯಲ್ಲ. ಕನಿಕರದ ದನಿ.

ವಿಚಾರಣೆಯಲ್ಲಿ ಸೋತರೆ ಲೈಸೆನ್ಸ್ ಮೂರು ವರ್ಷ ಅಮಾನತು. ಮೂವತ್ನಾಲ್ಕು ವಯಸ್ಸು ಅವನಿಗೆ. ಮೂರು ವರ್ಷ ಹಾರದವನನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ನಾನೇ ತೆಗೆದುಕೊಳ್ಳುವುದಿಲ್ಲ.


ನವೆಂಬರ್ 16, ಭಾನುವಾರ. ಸಂಜೆ 6.30

ಎರಡು ದಿನ ಬರೆಯಲಿಲ್ಲ. ಮನೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡಿದ್ದೆ. ಇವತ್ತು ತಲೆಸ್ನಾನಕ್ಕೆ ತೆಗೆದವಳು ಮತ್ತೆ ಇಟ್ಟುಕೊಳ್ಳಲು ಮರೆತೆ.

ಬೆಳಿಗ್ಗೆ 10.50. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಹಾಲಿನಿಂದ ಮಾತು ಕೇಳಿತು. ವಯಸ್ಸಾದ ಹೆಂಗಸಿನ ದನಿ, ಪರಿಚಯವಿಲ್ಲದ್ದು: "ಒಂದು ಮಾತು ಹೇಳ್ಬಿಡಿ ಮೇಡಂ. ನನ್ನ ಮಗ ಸುಳ್ಳು ಬರ್ದಿದಾನಾ?"

ಆಮೇಲೆ ಇನ್ನೊಂದು ದನಿ: "ಅದೆಲ್ಲ ಆಫೀಸಿನ ವಿಷಯ ಅಮ್ಮ. ನನಗೇನೂ ಗೊತ್ತಿಲ್ಲ."

ಎರಡನೆಯದು ನನ್ನ ದನಿ.

ನನ್ನ ದನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಎಷ್ಟು ಮೃದು. ಎಷ್ಟು ಒಳ್ಳೆಯ ಹೆಂಗಸಿನ ದನಿ. ಒದ್ದೆ ಸೀರೆ ಕೈಯಲ್ಲಿ ಹಾಗೇ ಇತ್ತು, ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

10.50ಕ್ಕೆ ಐದೂವರೆ. ಸಂಜೆ 4.20.

3.30ಕ್ಕೆ ಮನೆ ಬಿಟ್ಟೆ. ನಾನು ಅಲ್ಲಿರದಿದ್ದರೆ ಆ ಮಾತನ್ನು ಯಾರು ಆಡುತ್ತಾರೆ? ಸಂಪಿಗೆ ರಸ್ತೆಯಲ್ಲಿ ಸುಮ್ಮನೆ ನಡೆದೆ. ಬಾಳೆಹಣ್ಣಿನ ಗಾಡಿ, ಸೀರೆ ಅಂಗಡಿ, ಜನ. 4.05ಕ್ಕೆ ದೊಡ್ಡಮ್ಮನ ಫೋನು.

"ಎಲ್ಲಿದೀಯೇ ಆರಾ? ಗಂಗರತ್ನಮ್ಮ ಬಂದಿದಾಳೆ, ನಮ್ಮ ಪ್ರಸನ್ನನ ತಾಯಿ. ನಿನ್ನ ನೋಡ್ಬೇಕಂತೆ. ಬಾ ಬೇಗ, ಕೂತಿದಾಳೆ ಪಾಪ."

ಹಿಂದಿರುಗಿದೆ. ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡೆ: ನಿಜ ಹೇಳುತ್ತೇನೆ. ಮುಂಚೆಯೇ ಕೇಳಿಸಿಕೊಂಡಿದ್ದೇನಲ್ಲ, ಬೇರೆ ಮಾತು ಆಡಿದರಾಯಿತು. ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಯಾರಿಗೆ ಸಿಗುತ್ತದೆ?

ಗಂಗರತ್ನಮ್ಮ ಸೋಫಾದ ತುದಿಯಲ್ಲಿ ಕೂತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಈಗ ನಿವೃತ್ತಿ. ಇಸ್ತ್ರಿ ಮಾಡಿದ ಕಾಟನ್ ಸೀರೆ. ಕಾಫಿ ಮುಟ್ಟಿರಲಿಲ್ಲ.

"ನಾನು ಬಂದಿರೋದು ಪ್ರಸನ್ನಂಗೆ ಗೊತ್ತಿಲ್ಲ" ಅಂದರು. "ಗೊತ್ತಾದ್ರೆ ಬೈತಾನೆ. ಮಿಸ್ ಮನೆಗೆ ಹೋಗಿ ಹೇಳಿಸ್ಬೇಡ, ಅದು ಶಿಫಾರಸು ಆಗುತ್ತೆ ಅಂದಿದ್ದ. ಅವರಪ್ಪಂಗೂ ಅದನ್ನೇ ಹೇಳಿದ್ದಾನೆ."

ದೊಡ್ಡಮ್ಮ, "ಅವನು ಹಾಗೇನೇ. ಒಂದು ಮಾರ್ಕ್ ಜಾಸ್ತಿ ಕೊಟ್ಟಿದ್ರೆ ಪೇಪರ್ ವಾಪಸ್ ತಂದುಕೊಡೋನು. ನನ್ನ ಪ್ರಾಣ ತಿಂದಿದಾನೆ" ಅಂದರು.

ಗಂಗರತ್ನಮ್ಮ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. "ನಾನೂ ರಿಜಿಸ್ಟರ್ ಬರ್ದೋಳೇ ಮೇಡಂ, ಮೂವತ್ತೊಂದು ವರ್ಷ. ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟೆ ಅನ್ನೋದು ಒಂದು ಗಂಟೆ ಆಚೀಚೆ ಆದ್ರೆ ಡಾಕ್ಟ್ರು ಕರೆಸಿ ಕೇಳೋರು. ಬೈಯೋರು. ಆದ್ರೆ ಕೇಳೋರು. ಇವನ್ನ ಯಾರೂ ಕೇಳ್ಲೇ ಇಲ್ವಂತೆ."

ಗೋಡೆಯ ಮೇಲೆ 4.20.

"ಒಂದು ಮಾತು ಹೇಳ್ಬಿಡಿ ಮೇಡಂ. ನನ್ನ ಮಗ ಸುಳ್ಳು ಬರ್ದಿದಾನಾ?"

ಇಲ್ಲ ಅನ್ನಬೇಕಿತ್ತು. ಎರಡೇ ಅಕ್ಷರ. ಆದರೆ ಇಲ್ಲ ಅಂದರೆ ಮುಂದಿನ ಪ್ರಶ್ನೆ ಬರುತ್ತದೆ — ಹಾಗಾದರೆ ನೀವು ಯಾಕೆ ಬರೆದಿರಿ? ಅದಕ್ಕೆ ಉತ್ತರ ಹುಡುಕುತ್ತ ನಿಂತೆ. ಬಾಯಿ ತೆರೆದುಕೊಂಡಿತು. ಆ ಮೃದು ದನಿ ಹೊರಗೆ ಬಂತು. ಒಂದಕ್ಷರ ಬದಲಾಗದೆ.

ಅವರು ಎದ್ದು ಕೈ ಮುಗಿದು ಹೋದರು. ದೊಡ್ಡಮ್ಮ ಮುಟ್ಟದ ಕಾಫಿಯನ್ನು ಒಳಗೆ ಒಯ್ಯುತ್ತಾ, ತಿರುಗದೆ ಕೇಳಿದರು: "ಗೊತ್ತಿಲ್ವಾ ನಿಂಗೆ?"

ನಾನು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆದೆ.


ನವೆಂಬರ್ 19, ಬುಧವಾರ. ಮಧ್ಯಾಹ್ನ 1.45

ತಪ್ಪಿಸಲು ಆಗುತ್ತದೆಯೇ ಎಂದು ನೋಡಿದೆ. ಚಿಕ್ಕ ವಿಷಯದಲ್ಲಿ.

ಬೆಳಿಗ್ಗೆ 7.50ಕ್ಕೆ ಗಾಜು ಒಡೆದ ಸದ್ದು. ಅಂದರೆ 1.20ಕ್ಕೆ. ಮನೆಯ ಗಾಜಿನ ಲೋಟ, ಉಪ್ಪಿನಕಾಯಿ ಭರಣಿ ಎಲ್ಲ ಸೇರಿಸಿ ನನ್ನ ಬೀರುವಿನೊಳಗೆ ಜೋಡಿಸಿ ಬೀಗ ಹಾಕಿದೆ. 1.15ಕ್ಕೆ ಬೀರುವಿನ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತೆ.

ದೊಡ್ಡಮ್ಮ ಬಂದರು. "ಮಜ್ಜಿಗೆ ಕುಡಿಯೋಣಾಂದ್ರೆ ಒಂದು ಲೋಟ ಇಲ್ಲ ಮನೇಲಿ. ಏನು ನಡೀತಿದೆ? ಬೀಗ ತೆಗಿ."

"ಹತ್ತು ನಿಮಿಷ ತಡೀರಿ ದೊಡ್ಡಮ್ಮ."

"ನಿಂಗೇನು ದೆವ್ವ ಗಿವ್ವ ಮೆಟ್ಕೊಂಡಿದೆಯಾ? ಕೊಡು ಇಲ್ಲಿ ಕೀ." ಕಿತ್ತುಕೊಂಡು ಅವರೇ ತೆರೆದರು. ಅವಸರದಲ್ಲಿ ಒಂದರ ಮೇಲೊಂದು ಇಟ್ಟಿದ್ದೆ. ಬಾಗಿಲು ತೆರೆದ ಕೂಡಲೇ ಮೇಲಿನ ಲೋಟ ಉರುಳಿತು.

1.20.

ಓಡಿಹೋದರೆ ಕರೆಸಿಕೊಳ್ಳುತ್ತದೆ. ಕಾವಲು ಕೂತರೆ ನನ್ನ ಕೈಯಿಂದಲೇ ಮಾಡಿಸುತ್ತದೆ. ಚೂರು ಗುಡಿಸುವಾಗ ಇದನ್ನೇ ಯೋಚಿಸುತ್ತಿದ್ದೆ. ಮನೆ ಯಾವುದನ್ನೂ ಮಾಡಿಸುತ್ತಿಲ್ಲವೇನೋ. ನಾನು ಎಂಥವಳು ಎಂಬುದು ಅದಕ್ಕೆ ಐದೂವರೆ ಗಂಟೆ ಮುಂಚೆ ಗೊತ್ತಾಗುತ್ತದೆ, ಅಷ್ಟೆ.


ನವೆಂಬರ್ 22, ಶನಿವಾರ. ಸಂಜೆ 7.00

ಬರೆದು ಮುಗಿಸಿದೆ. ಎರಡು ಪುಟ.

ಬೋರ್ಡಿನ ಟಿಪ್ಪಣಿಯಲ್ಲ. ದೆಹಲಿಗೆ ಕಾಗದ. ಇಪ್ಪತ್ಮೂರು ಹಾರಾಟದ ಪಟ್ಟಿ, ಅದೇ ಸ್ಕೂಲಿನ ಇನ್ನಿಬ್ಬರ ಲಾಗ್‌ಬುಕ್ಕಿನ ಪುಟಗಳು, ಅಂಚಿನ ಆ ಒಂದು ಸಾಲು. ಕೊನೆಯಲ್ಲಿ: 'ವರದಿ ಬರೆಯುವ ಮುನ್ನ ಅಭ್ಯರ್ಥಿಯನ್ನು ಕೇಳಬೇಕಿತ್ತು. ಇತರ ಐವರನ್ನು ಕೇಳಿದೆ. ಇವರನ್ನು ಕೇಳಲಿಲ್ಲ. ತಪ್ಪು ನನ್ನದು.' ಮೇಲ್ ಮಾಡಿದರೆ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಸಹಿ ಇರುವ ಮೂಲ ಕಾಗದವೇ ಬೇಕು. ಅಂಚೆ ಕಚೇರಿ ಮುಟ್ಟುವ ಹೊತ್ತಿಗೆ ಕೌಂಟರ್ ಮುಚ್ಚಿತ್ತು. ನಾಳೆ ಭಾನುವಾರ. ಸೋಮವಾರ ಸ್ಪೀಡ್ ಪೋಸ್ಟ್ ಮಾಡಿದರೆ 28ರೊಳಗೆ ಸೇರುತ್ತದೆ.

ಕಂಪನಿಯ ಫೈಲು ಹೊರಗೆ ಕಳಿಸಿದ್ದಕ್ಕೆ ಕೆಲಸ ಹೋಗುತ್ತದೆ. ಗೊತ್ತಿದೆ.

ಟಿಪ್ಪಣಿಯೂ ಬರೆದೆ, ಎರಡು ಪುಟ ಬೇಕಾಗಲಿಲ್ಲ. ಸ್ಥಳೀಯರಿಗೆ ಆದ್ಯತೆ ಕೊಡಬೇಕೆ ಎಂದು ಕೇಳುತ್ತಿದ್ದೀರಿ. ಹೊರಗಿನವರಿಗೆ ತೋರಿಸಿದ ಸೌಜನ್ಯವನ್ನೇ ಅವರಿಗೂ ತೋರಿಸಿದ್ದೇವೆಯೇ ಎಂದು ಮೊದಲು ನೋಡೋಣ. ನಾನು ತೋರಿಸಲಿಲ್ಲ. ಆದ್ಯತೆಯ ಮಾತು ಆಮೇಲೆ.

ಇದು ಉತ್ತರವೇ ಅಲ್ಲ ಅನ್ನುತ್ತಾರೆ. ಇರಬಹುದು.


ನವೆಂಬರ್ 23, ಭಾನುವಾರ. ಬೆಳಿಗ್ಗೆ 9.40

9.20ಕ್ಕೆ ಕೇಳಿತು. ನನ್ನ ರೂಮಿನಲ್ಲೇ, ಈ ಮೇಜಿನ ಹತ್ತಿರ. ನಾನು ಹಾಸಿಗೆ ಸರಿಮಾಡುತ್ತಿದ್ದೆ.

ಕಾಗದ ಹರಿದ ಸದ್ದು. ದಪ್ಪ ಕಾಗದ, ಒಳಗೆ ಹಲವು ಹಾಳೆ ಇರುವಂಥದ್ದು. ಉದ್ದಕ್ಕೆ ಒಂದು ಸಲ. ಸ್ವಲ್ಪ ತಡೆದು, ಜೋಡಿಸಿ ಹಿಡಿದು, ಇನ್ನೊಂದು ಸಲ. ಅವಸರವಿಲ್ಲ. ಯೋಚಿಸಿ ಹರಿದಂತೆ.

ಲಕೋಟೆ ಮೇಜಿನ ಮೇಲೆ ಇಡಿಯಾಗಿಯೇ ಇದೆ. ಅಂಟಿಸಿದೆ, ವಿಳಾಸ ಬರೆದಿದೆ.

2.50ಕ್ಕೆ.


ಅದೇ ದಿನ. ಮಧ್ಯಾಹ್ನ 2.41

ಓಡಿಹೋಗಲಿಲ್ಲ. ಬೀಗ ಹಾಕಲಿಲ್ಲ. ಎರಡನ್ನೂ ಮಾಡಿ ನೋಡಿದ್ದಾಗಿದೆ.

1.30ಕ್ಕೆ ಪ್ರಸನ್ನನಿಗೆ ಫೋನ್ ಮಾಡಿದೆ. ನಂಬರ್ ಅರ್ಜಿಯಲ್ಲಿತ್ತು. ಹಿಂದೆ ರೈಲಿನ ಸದ್ದು ಕೇಳುತ್ತಿತ್ತು. ಓಕಳಿಪುರಂನಲ್ಲಿ ಯಾವ ಹೊತ್ತಿಗೂ ಅದು ಇದ್ದೇ ಇರುತ್ತದೆ. ಕನ್ನಡದಲ್ಲಿ ಮಾತಾಡಿದೆ. ಎಲ್ಲವನ್ನೂ ಹೇಳಿದೆ. ಗೋಡೆ ಗಡಿಯಾರದ ಟೈಮು. ಇಪ್ಪತ್ಮೂರು. ಕೇಳದೆ ಬಿಟ್ಟದ್ದು. ಯಾಕೆ ಬಿಟ್ಟೆ ಎಂಬುದನ್ನೂ.

ರೈಲು ಪೂರ್ತಿ ದಾಟಿಹೋಯಿತು.

"ಇದನ್ನೇ ನಾನು ಮೂರು ತಿಂಗಳಿಂದ ಎಲ್ಲರಿಗೂ ಹೇಳ್ತಿದೀನಿ ಮೇಡಂ. ಹೇಳಿ ಹೇಳಿ ನನಗೇ ಡೌಟ್ ಬಂದುಬಿಟ್ಟಿತ್ತು. ರಾತ್ರಿ ಹಾರಿದ್ನೇನೋ ಅಂತ." ಆಮೇಲೆ ಕೇಳಿದ: "ಕಾಗದ ಯಾವಾಗ ಕಳಿಸ್ತೀರಾ?"

"ಕಳಿಸ್ತೀನಿ."

"ಹಾಗಲ್ಲ ಮೇಡಂ. ತಾರೀಖು ಹೇಳಿ, ಬರ್ಕೋತೀನಿ."

ಎಲ್ಲವನ್ನೂ ಹೇಳಿದವಳಿಗೆ ಒಂದು ತಾರೀಖು ಹೇಳಲು ಆಗಲಿಲ್ಲ. ಆ ಮೃದು ದನಿ ಗಂಟಲಿಗೆ ಬರುತ್ತಿರುವುದು ಗೊತ್ತಾಯಿತು — ನೋಡೋಣ, ಪ್ರಯತ್ನ ಮಾಡ್ತೀನಿ. ಅದು ಬಾಯಿಗೆ ಬರುವ ಮುಂಚೆ, ಮತ್ತೆ ಮಾಡುತ್ತೇನೆ ಎಂದು ಫೋನ್ ಇಟ್ಟೆ.

ಈಗ 2.45. ಲಕೋಟೆ ಎಡಗೈಯ ಕೆಳಗಿದೆ. ಕೆಲಸ ಹೋಗುತ್ತದೆ. ಬ್ರೆಜಿಲಿನ ಮನುಷ್ಯನಿಗೆ ಏನಾಗುತ್ತದೋ. ರಾಘವ ಮಾತು ಬಿಡುತ್ತಾರೆ. ದೊಡ್ಡಮ್ಮನಿಗೆ ಎಪ್ಪತ್ತಾರು. ಹರಿಯಲು ಕಾರಣಗಳು ಒಂದೊಂದಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಿವೆ. ಎಲ್ಲವೂ ಮರ್ಯಾದಸ್ಥ ಕಾರಣಗಳೇ.

2.47. ಹರಿಯಲು ಎರಡು ಕೈ ಬೇಕು. ಒಂದರಲ್ಲಿ ಪೆನ್ನಿದೆ. ಬರೆಯುತ್ತಿರುವವರೆಗೆ ಅದು ಬಿಡುವಾಗುವುದಿಲ್ಲ. ಆದ್ದರಿಂದ ಬರೆಯುತ್ತಲೇ ಇರುತ್ತೇನೆ, ಏನಾದರೂ. ಹಾಲಿನಲ್ಲಿ ದೊಡ್ಡಮ್ಮ ಟಿವಿ ಆರಿಸಿದರು. ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದಾರೆ, ಸ್ಟಾರ್ಟ್ ಆಗುತ್ತಿಲ್ಲ. ಎಡಗೈ ಬೆವರಿದೆ. ವಿಳಾಸದ ಶಾಯಿ ಸ್ವಲ್ಪ ಹರಡಿದೆ, ಓದಲು ಬರುತ್ತದೆ.

2.49. ಪ್ರಸನ್ನ ಕೇಳಿದ್ದನ್ನು ಬಾಯಲ್ಲಿ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತೇನೆ. ಅಂಚೆಗೆ ಹಾಕುವ ತಾರೀಖು, ಸೋಮವಾರ, ನವೆಂಬರ್ 24